ಅಣ್ಣನ ಮೀಸೆ, ನನ್ನ ಕುಬಸ

ಮದ್ರಾಸಿನಲ್ಲಿ ನನ್ನ ಮೊದಲ ಸಿನಿಮಾದ ಮೊದಲ ದಿನ ಡೈರೆಕ್ಟರು ನನ್ನನ್ನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ನಡೆಸಿದರು. ಮಾತಿಲ್ಲ, ಹಾಡಿಲ್ಲ, ಬರೀ ನಡಿಗೆ. ನಡೆದು ಮುಗಿಸಿದ ಮೇಲೆ ಅವರು ಕುರ್ಚಿಯಿಂದ ಎದ್ದು, ಅಲ್ಲಿದ್ದ ಹೊಸ ಹುಡುಗಿಯರಿಗೆ, “ನೋಡಿ ಕಲೀರಮ್ಮಾ, ಹೆಣ್ಣು ಅಂದ್ರೆ ಹೀಗೆ ನಡೀಬೇಕು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ನಿಮಗೆ ಕಲಿಸಿದೋರು ಯಾರು? ತಾಯಿಯವರೋ?” ಎಂದು ಕೇಳಿದರು.

“ಅಲ್ಲರೀ, ನಮ್ಮ ಅಣ್ಣ” ಅಂದೆ. “ಈಗ ಅವಗ ಮೀಸಿ ಐತ್ರಿ. ಕಲಿಸೂ ಮುಂದ ಇರಲಿಲ್ಲ.”

ಎಲ್ಲರೂ ನಕ್ಕರು. ನಿಜಾಮನ ಸೀಮೆಯವರು ತಮಾಷೆಯ ಜನ ಎಂದು ಯಾರೋ ಹೇಳಿದರು. ನಾನು ತಮಾಷೆ ಮಾಡಿರಲಿಲ್ಲ.

ಸಿನಿಮಾದಲ್ಲಿ ನಾನು ಮೊದಲು ನಾಯಕಿಯ ಅಕ್ಕ ಆದೆ, ಆಮೇಲೆ ತಾಯಿ, ಆಮೇಲೆ ಅತ್ತೆ, ಕೊನೆಗೆ ಮೂಲೆಯಲ್ಲಿ ಕುಳಿತು ಕೆಮ್ಮುವ ಅಜ್ಜಿ. ಪರದೆಯ ಮೇಲೆ ನನ್ನಷ್ಟು ಚೆನ್ನಾಗಿ ಕೆಮ್ಮುವವರು ಇಲ್ಲ ಎನ್ನುತ್ತಾರೆ. ಇಷ್ಟು ವರ್ಷ ಬಣ್ಣ ಹಚ್ಚಿ ಕಡೆಗೆ ಕೆಮ್ಮಿಗೆ ಹೆಸರಾದೆನಲ್ಲ ಎಂದು ನನಗೇ ನಗು ಬರುತ್ತದೆ. ಮನೆಗೆ ಬಂದವರು ಸಿನಿಮಾದ ಮಾತನ್ನೇ ಕೇಳುತ್ತಾರೆ. ನಾನು ರಾಣಿಯಾಗಿದ್ದದ್ದು ಸಿನಿಮಾದಲ್ಲಲ್ಲ, ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ತಗಡಿನ ಥೇಟರಿನಲ್ಲಿ. ಆ ಪಟ್ಟ ಸುಮ್ಮನೆ ಸಿಗಲಿಲ್ಲ. ಅದಕ್ಕಾಗಿ ಒಬ್ಬ ಗಂಡಸಿನ ಮೀಸೆ ಮೂರು ಊರು ಅಲೆಯಿತು.

ನಾನು ಮಸ್ಕಿಯವಳು. ಬರಹದ ಬಂಡೆ ಇರುವ ಗುಡ್ಡದ ಕೆಳಗೆ ನಮ್ಮ ಓಣಿ. ಹೆತ್ತವಳು ನಾನು ಕೂಸಾಗಿದ್ದಾಗಲೇ ತೀರಿಕೊಂಡಳು, ಅಪ್ಪ ಅದಕ್ಕೂ ಮೊದಲೇ. ಸಾಕಿದವಳು ಚಿಗವ್ವ, ಅಂದರೆ ಅವ್ವನ ತಂಗಿ. ಚಿಗವ್ವನಿಗೆ ಗಂಡ ಇರಲಿಲ್ಲ, ಹೊಲ ಇರಲಿಲ್ಲ. ರೊಟ್ಟಿ ಬಡಿಯುವ ಕೈ ಇತ್ತು. ನಾಟಕದ ಕಂಪನಿ ಸಿಂಧನೂರಿಗೆ ಬಂದು ಮುಕ್ಕಾಂ ಮಾಡಿದಾಗ ಅಡುಗೆಗೆ ಆಳು ಬೇಕೆಂದು ಹೇಳಿಕಳಿಸಿದರು. ಚಿಗವ್ವ ರೊಟ್ಟಿ ಬಡಿಯುವ ಕೊಡಮಿಗೆ, ಲಟ್ಟಣಿಗೆ, ನಾನು, ಮೂರನ್ನೂ ಗಾಡಿಗೆ ಹಾಕಿಕೊಂಡು ಹೊರಟಳು. ನಾನು ಆಗ ಲಂಗ ಬಿಟ್ಟು ಸೀರೆಗೆ ಬಂದ ಹೊಸತು.

ಈಗಿನವರಿಗೆ ಸಿಂಧನೂರು ಅಂದರೆ ಕಾಲುವೆ, ಭತ್ತ, ಅಕ್ಕಿ ಗಿರಣಿ. ಆಗ ಕಾಲುವೆಯ ಸುಳಿವೂ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಎರೆಹೊಲ, ಜೋಳ, ಹತ್ತಿ. ಅನ್ನ ಉಂಡ ದಿನ ಹಬ್ಬ ಎಂದು ತಿಳಿಯಬೇಕು. ನಾಟಕ ಆಡಬೇಕಾದರೆ ತಹಸೀಲಿನಿಂದ ಇಜಾಜತ್, ಅಂದರೆ ಅಪ್ಪಣೆ, ತರಬೇಕಿತ್ತು. ನಮ್ಮ ಕಂಪನಿ ಮಾಲಕರಿಗೆ ಉರ್ದು ಬರುತ್ತಿರಲಿಲ್ಲ, ಸಲಾಮು ಮಾತ್ರ ಬರುತ್ತಿತ್ತು. ಕಚೇರಿಯ ಜವಾನನಿಂದ ಹಿಡಿದು ಕಟ್ಟಿಹಾಕಿದ ಕುದುರೆಯವರೆಗೆ ಎಲ್ಲರಿಗೂ ಸಲಾಮು ಮಾಡಿ ಇಜಾಜತ್ ತರುತ್ತಿದ್ದರು.

ಆ ಕಂಪನಿಯಲ್ಲಿ ಹೆಣ್ಣಿನ ಪಾರ್ಟುಗಳನ್ನೆಲ್ಲ ಗಂಡಸರೇ ಮಾಡುತ್ತಿದ್ದರು. ನಮ್ಮ ಕಡೆಯ ಹೆಚ್ಚಿನ ಕಂಪನಿಗಳಲ್ಲಿ ಆಗ ಅದೇ ರೂಢಿ. ರಾಣಿಯ ಪಾರ್ಟು ಮಾಡುತ್ತಿದ್ದವನು ಜವಳಗೇರಿಯ ರೈತನ ಮಗ. ಹೆಂಡತಿ ಮಕ್ಕಳಿದ್ದ ಮನುಷ್ಯ. ಹಗಲು ಹೊತ್ತು ಧೋತರ ಉಟ್ಟು ಬೀಡಿ ಸೇದುತ್ತ ಕೂತರೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಬಣ್ಣ ಹಚ್ಚಿ ಸೆರಗು ಹೊದ್ದು ರಂಗದ ಮೇಲೆ ಬಂದರೆ ಹೆಂಗಸರ ಕಡೆಯಲ್ಲಿ ಉಸಿರು ನಿಲ್ಲುತ್ತಿತ್ತು. ಮರುದಿನ ಬಾವಿಯ ಹತ್ತಿರ ನೋಡಬೇಕು: ಊರ ಸೊಸೆಯಂದಿರೆಲ್ಲ ರಾಣಿ ಸೆರಗು ಹೊದ್ದ ಹಾಗೆಯೇ ಹೊದ್ದಿರುತ್ತಿದ್ದರು. ನಾನು ಅವನನ್ನು ಮೊದಲ ದಿನದಿಂದ ಅಣ್ಣ ಅಂದೆ. ಇಲ್ಲಿಯೂ ಹಾಗೆಯೇ ಅನ್ನುತ್ತೇನೆ.

ನಾನು ಅಡುಗೆಯ ಜಾಗದಿಂದ ರಂಗಕ್ಕೆ ಹತ್ತಿರವಾದದ್ದು ಅಣ್ಣನ ಗಂಟಲಿನಿಂದ. ಹತ್ತಿ ಬಿಡಿಸುವ ಕಾಲ, ಊರೆಲ್ಲ ಧೂಳು, ಅಣ್ಣನ ದನಿ ಕಟ್ಟಿತು. ಮಾಲಕರು ತಲೆಯ ಮೇಲೆ ಕೈ ಹೊತ್ತರು. ಚಿಗವ್ವ ರೊಟ್ಟಿ ಬಡಿಯುತ್ತಲೇ, “ನಮ್ಮ ಹುಡುಗಿಗೆ ಎಲ್ಲಾ ಹಾಡು ಬರ್ತಾವ್ರಿ. ಇಡೀ ದಿನ ಒದರಿ ಒದರಿ ನನ್ನ ತೆಲಿ ತಿಂದಾಳ” ಅಂದಳು. ನನ್ನನ್ನು ಪಡದೆಯ ಹಿಂದೆ ಕೂರಿಸಿದರು. ಅಣ್ಣ ಮುಂದೆ ನಿಂತು ಬಾಯಿ ಆಡಿಸಿದ, ನಾನು ಹಿಂದೆ ಕೂತು ಹಾಡಿದೆ. ಜನ ಒನ್ಸ್‌ಮೋರ್ ಕೂಗಿ ತಗಡು ಬಡಿದರು. ಆಮೇಲೆ ಮದ್ರಾಸಿನಲ್ಲಿ ಇದೇ ಕೆಲಸಕ್ಕೆ ದೊಡ್ಡ ಹೆಸರಿಟ್ಟು, ದೊಡ್ಡ ಯಂತ್ರ ಇಟ್ಟು, ಸದ್ದು ಮಾಡಬೇಡಿ ಎಂದು ಬೋರ್ಡು ಹಾಕಿದ್ದರು. ನಾನು ಅದನ್ನು ಮಡಿಲಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡೇ ಮಾಡಿದ್ದೆ.

ಮರುದಿನ ಅಣ್ಣ ಮಾಲಕರ ಮುಂದೆ ನಿಂತು ಒಂದು ಮಾತು ಹೇಳಿದ. “ಈ ಹುಡುಗಿಗೆ ರಾಣಿ ಪಾರ್ಟು ಕೊಡ್ರಿ. ನನಗ ಮೀಸಿ ಬಿಡಾಕ ಬಿಡ್ರಿ.”

ಮೀಸೆಯ ವಿಷಯ ಹೇಳಬೇಕು. ನಮ್ಮ ಕಡೆ ಅಪ್ಪ ಸತ್ತಾಗ ಮಗ ಮೀಸೆ ಬೋಳಿಸುತ್ತಾನೆ. ಅಪ್ಪ ಬದುಕಿರುವಾಗ ಬೋಳಿಸಿದರೆ ಅಪ್ಪನನ್ನು ಸಾಯಿಸಿದ ಹಾಗೆ. ಅಣ್ಣ ಕಂಪನಿ ಸೇರಿ ಮೊದಲ ಸಲ ಬೋಳು ತುಟಿಯಲ್ಲಿ ಊರಿಗೆ ಹೋದಾಗ ಅವನ ಅಪ್ಪ ಕಟ್ಟೆಯ ಮೇಲೆ ಕೂತು ಓಣಿಯವರನ್ನೆಲ್ಲ ಕೂಗಿ ಕರೆದನಂತೆ: “ಬರ್ರಪೋ, ಎಲ್ಲಾರೂ ಬರ್ರಿ! ನಾ ಸತ್ತೀನಂತ. ನನ್ನ ಮಗ ಹೇಳಾಕ ಬಂದಾನ. ಮಣ್ಣಿಗೆ ಬರ್ರಿ!” ಅಂದಿನಿಂದ ಮುದುಕ ಮಗನ ಜೊತೆ ನೇರ ಮಾತಾಡಿರಲಿಲ್ಲ. ಹೇಳುವುದಿದ್ದರೆ ಎತ್ತಿಗೆ ಹೇಳುತ್ತಿದ್ದ. “ಬಸವಣ್ಣಾ, ಯಾರೋ ಬಂದಾರ ನೋಡಪಾ. ಉಂಡಾರೋ ಇಲ್ಲೋ ಕೇಳು.” ಮಗನೂ ಎತ್ತಿಗೇ ಉತ್ತರ ಹೇಳಿ ಉಣ್ಣಲು ಕೂರುತ್ತಿದ್ದ. ಎತ್ತಿಗೆ ಆ ಮನೆಯ ಎಲ್ಲ ವ್ಯವಹಾರ ತಿಳಿದಿತ್ತು.

ಇಷ್ಟೇ ಆಗಿದ್ದರೆ ನಡೆದುಕೊಂಡು ಹೋಗುತ್ತಿತ್ತು. ಆದರೆ ಆ ವರ್ಷ ಮುದುಕನ ಎರಡೂ ಕಣ್ಣಿಗೆ ಪೊರೆ ಕಟ್ಟತೊಡಗಿತ್ತು. ಅವನು ಸೊಸೆಯ ಕೈಲಿ ಹೇಳಿಕಳಿಸಿದ್ದ, ಈ ಸಲ ಎತ್ತಿನ ಕೈಲಿ ಅಲ್ಲ: “ಕಣ್ಣು ಮುಚ್ಚೂದ್ರಾಗ ಮಗನ ಮುಖದ ಮ್ಯಾಲ ಮೀಸಿ ನೋಡಬೇಕು. ಇಲ್ಲಾಂದ್ರ ನಾ ಸತ್ತ ಮ್ಯಾಲ ಬೋಳಸಾಕ ಅವಗ ಏನು ಉಳದಿರ್ತದ?” ಇದನ್ನು ನನಗೆ ಹೇಳುವಾಗ ಅಣ್ಣ ನಗುತ್ತಿದ್ದ, ಆದರೆ ಆರಿದ ಬೀಡಿಯನ್ನೇ ಸೇದುತ್ತಿದ್ದ.

ಮಾಲಕರು ಕೆಟ್ಟವರಲ್ಲ, ಆದರೆ ಮಾಲಕರು. ಯೋಚನೆ ಮಾಡಿ ಒಂದು ಷರತ್ತು ಹಾಕಿದರು. “ಯಾವ ಊರಾಗ ಹೆಣ್ಮಕ್ಕಳು ಈ ಹುಡುಗಿಗೆ ಕುಬಸ ತರ್ತಾರ, ಅವತ್ತ ನೀ ಕತ್ತಿ ಕೆಳಗಿಡು. ಅಲ್ಲೀತನಾ ಗದ್ದ ನುಣ್ಣಗಿರಬೇಕು.”

ಆ ಷರತ್ತಿನ ಅರ್ಥ ಹೀಗೆ. ನಮ್ಮ ನಾಟಕದಲ್ಲಿ ರಾಣಿ ಬಸುರಿಯಾಗುತ್ತಾಳೆ. ಅರಮನೆಯಲ್ಲಿ ಆಕೆಗೆ ಕುಬಸ, ಅಂದರೆ ಸೀಮಂತ, ಮಾಡುತ್ತಾರೆ. ಆಮೇಲೆ ಕಿರಿಯ ರಾಣಿ ಚಾಡಿ ಹೇಳಿ ಆಕೆಯನ್ನು ಕಾಡಿಗೆ ಅಟ್ಟಿಸುತ್ತಾಳೆ. ಬಸುರಿಗೆ ತವರುಮನೆಯವರು ಕುಬಸದ ಖಣ, ಅಂದರೆ ರವಿಕೆಯ ಬಟ್ಟೆ, ಹಸಿರು ಬಳೆ ತಂದು ಉಡಿ ತುಂಬುವುದು ನಮ್ಮಲ್ಲಿ ಎಲ್ಲ ಮನೆಗಳ ಪದ್ಧತಿ. ರಾಣಿ ಅಲಂಕಾರ ಮಾಡಿದ ಕುರ್ಚಿಯ ಮೇಲೆ ಕೂತ ಕೂಡಲೇ ನಾಟಕ ನೋಡಲು ಬಂದ ಹೆಂಗಸರೇ ತೆಂಗಿನಕಾಯಿ, ಖಣ, ಬಳೆ ಹಿಡಿದುಕೊಂಡು ರಂಗ ಹತ್ತಿ ಬಂದು ಆಕೆಯ ಉಡಿ ತುಂಬುತ್ತಿದ್ದರು. ಅದು ನಾಟಕದಲ್ಲಿ ಬರೆದದ್ದಲ್ಲ, ಜನರೇ ಹಾಕಿಕೊಂಡ ಪದ್ಧತಿ. ಸಾಲು ಮುಗಿಯುವ ತನಕ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರು ಒಂದೇ ರಾಗವನ್ನು ಗಾಣದೆತ್ತಿನಂತೆ ಸುತ್ತಿಸುತ್ತಿದ್ದರು. ಕುರ್ಚಿಯಲ್ಲಿ ಕೂತವನು ಹೊಟ್ಟೆಗೆ ಹಳೇ ಪಡದೆ ಸುತ್ತಿಕೊಂಡ ಗಂಡಸು ಎಂದು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಅದರಿಂದ ಅಡ್ಡಿ ಇರಲಿಲ್ಲ. ಬಂದ ಖಣಗಳನ್ನೆಲ್ಲ ಅಣ್ಣ ಜವಳಗೇರಿಗೆ ಕಳಿಸುತ್ತಿದ್ದ. ಗಂಡನ ಬಸುರಿನಿಂದ ಹೆಂಡತಿ ಕುಬಸ ತೊಡುವ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಾಲೀಮು ಶುರುವಾಯಿತು. ನನಗೆ ಹಾಡು ಬರುತ್ತಿತ್ತು, ಮಾತು ಬರುತ್ತಿತ್ತು. ನಡೆಯಲು ಹೇಳಿದಾಗ ಅಣ್ಣ ಕಣ್ಣು ಮುಚ್ಚಿಕೊಂಡ.

“ಯವ್ವಾ ತಂಗಿ, ಎಲ್ಲಿಗೆ ಹೊಂಟೀ?”

“ಸಿಂಹಾಸನಕ್ಕ.”

“ಬಾವಿಗೆ ಹೊಂಟಂಗ ಕಾಣ್ತದ. ರಾಣಿ ನೀರು ತರಾಕ ಹೋಗಂಗಿಲ್ಲ. ಟೊಂಕದ ಮ್ಯಾಲಿನ ಕೊಡ ಇಳಸು.”

“ನಾ ಹೆಣ್ಣದೀನಣ್ಣಾ! ಹೆಣ್ಣು ನಡದಂಗನ ನಡದೀನಿ” ಎಂದು ಸಿಟ್ಟು ಮಾಡಿದೆ.

“ಹೆಣ್ಣಿದ್ರ ಸಾಲಂಗಿಲ್ಲವ್ವ” ಅಂದ ಅಣ್ಣ. “ಹೆಣ್ಣಂಗ ಕಾಣಬೇಕು.”

ಹೀಗೆ ನಾನು ಹೆಣ್ಣಾಗುವುದನ್ನು ಒಬ್ಬ ಗಂಡಸಿನಿಂದ ಕಲಿತೆ. ಹೆಬ್ಬೆರಳು ಮೊದಲು ಊರಬೇಕು, ಹಿಮ್ಮಡಿ ಆಮೇಲೆ. ಸೆರಗನ್ನು ಎಳೆಯಬಾರದು, ಅದಾಗಿಯೇ ಬಂದ ಹಾಗೆ ಬರಬೇಕು. ತಿರುಗುವಾಗ ಮೊದಲು ಕಣ್ಣು, ಆಮೇಲೆ ಕೊರಳು, ಕಟ್ಟಕಡೆಗೆ ಮೈ. ಚಿಗವ್ವ ಒಲೆಯ ಮುಂದಿನಿಂದ ನೋಡಿ ನೋಡಿ, ಒಂದು ದಿನ ತಾನೂ ಹಾಗೆಯೇ ತಿರುಗಲು ಹೋಗಿ ಸಾರಿನ ಪಾತ್ರೆ ಕೆಡವಿದಳು.

ಸಿಂಧನೂರಿನಲ್ಲಿ ನಾನು ರಾಣಿಯಾಗುವ ದಿನ ಬಂತು. ಮಾಲಕರು ಗಾಡಿಯ ಮೇಲೆ ಹಲಗೆ ಬಾರಿಸಿ ಊರೆಲ್ಲ ಸಾರಿದರು: “ರಂಗದ ಮ್ಯಾಲ ಸಾಕ್ಷಾತ್ ಹೆಣ್ಣುಮಗಳು! ಖರೇ ಖರೇ ಹೆಣ್ಣು!” ಅಲ್ಲಿಯೇ ಕೆಲಸ ಕೆಟ್ಟಿತು. ಹಿಂದಿನ ವರ್ಷ ಇದೇ ಗಾಡಿಯ ಮೇಲೆ ನಿಂತು ಇದೇ ಮಾಲಕರು “ಸಾಕ್ಷಾತ್ ಹುಲಿ” ಎಂದು ಸಾರಿದ್ದರು. ಆ ಹುಲಿ ಬಣ್ಣದ ಪಟ್ಟೆ ಬಳಿದ ಹೋರಿಗರುವಾಗಿತ್ತು, ರಾಜನ ಮುಂದೆ ಘರ್ಜಿಸುವ ಬದಲು ಅಂಬಾ ಎಂದಿತ್ತು. ಕಂಪನಿಯವರ ಸಾಕ್ಷಾತ್ ಎಂಥದ್ದು ಎಂದು ಊರಿಗೆ ಗೊತ್ತಿತ್ತು. ಖರೇ ಹೆಣ್ಣು ಅಂದರೆ ಇವರು ಯಾವನೋ ಹೊಸ ಹುಡುಗನಿಗೆ ಸೀರೆ ಸುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು.

ನಾನು ರಂಗಕ್ಕೆ ಬಂದೆ. ಮುಂದಿನ ಕುರ್ಚಿಯಲ್ಲಿ ಪೊಲೀಸ್ ಅಮೀನ್ ಸಾಹೇಬರು ಕೂತಿದ್ದರು. ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿ, ಪಕ್ಕದವರಿಗೆ, “ಲಡ್ಕಾ ನಯಾ ಹೈ. ಸೀಖ್ ಜಾಯೇಗಾ” ಎಂದರು. ಹುಡುಗ ಹೊಸಬ, ಕಲಿಯುತ್ತಾನೆ. ಅಮೀನರ ತೀರ್ಪು ಕೋರ್ಟಿನ ತೀರ್ಪು. ಹೆಂಗಸರ ಕಡೆಯಿಂದ ದನಿಗಳು ಕೇಳತೊಡಗಿದವು. “ಹುಡುಗ ಬಣ್ಣದಾಗ ಚೊಲೋ ಅದಾನ.” “ದನೀನೂ ಹೆಣ್ಣಿನಂಗ ಐತಿ ಬಿಡು.” “ನಡಿಗಿ ಒಂದ ಬರವಲ್ದು ಪಾಪ. ಗಂಡು ಗಂಡೇ.”

ಕುಬಸದ ಸೀನು ಬಂತು. ನಾನು ಕುರ್ಚಿಯಲ್ಲಿ ಕೂತೆ. ಪೇಟಿ ಮಾಸ್ತರು ರಾಗ ಸುತ್ತಿಸಿದರು. ಹೆಂಗಸರು ಖಣ, ಕಾಯಿ ಹಿಡಿದುಕೊಂಡು ಎದ್ದರು. ಸಾಲು ರಂಗದ ಮೆಟ್ಟಿಲ ತನಕ ಬಂತು, ಮೆಟ್ಟಿಲು ಹತ್ತದೆ ಪಕ್ಕಕ್ಕೆ ತಿರುಗಿತು, ಪಡದೆಯ ಹಿಂದಕ್ಕೆ ಹೋಯಿತು. ಅಲ್ಲಿ ಅಣ್ಣ ಷರತ್ತು ತೀರಿಯೇ ಹೋಯಿತೆಂಬ ಆಸೆಯಿಂದ ಬೆಳೆಸಿದ್ದ ಕುರುಚಲು ಗಡ್ಡ ಮೀಸೆಯಲ್ಲಿ ಬೀಡಿ ಸೇದುತ್ತ ಕೂತಿದ್ದ. ಹೆಂಗಸರು ಅವನ ಉಡಿ ತುಂಬಿದರು. ಒಬ್ಬ ಮುದುಕಿ ಅವನ ಗದ್ದ ಸವರಿ, “ನಿನ್ನ ಪಾರ್ಟು ಯಾವನೋ ಕಸಗೊಂಡಾನಲ್ಲವ್ವ. ಚಿಂತಿ ಮಾಡಬ್ಯಾಡ. ಬಸುರ್ಯಾಗ ಚಿಂತಿ ಮಾಡಬಾರದು” ಎಂದು ಸಮಾಧಾನ ಹೇಳಿದಳು.

ಇಬ್ಬರೂ ಗಂಡಸರೇ ಆದ ಮೇಲೆ ಚೆನ್ನಾಗಿ ಮಾಡುವ ಗಂಡಸಿಗೆ ಕುಬಸ ಕೊಡಬೇಕು ಎಂಬುದು ಅವರ ನ್ಯಾಯ. ತಪ್ಪು ಹೇಳಲು ಬರುವುದಿಲ್ಲ. ಮರುದಿನ ಬೆಳಿಗ್ಗೆ ಕಂಪನಿಯವರ ಕ್ಷೌರ ಮಾಡುವ ನಾವಿಗ ಅಣ್ಣನ ತುಟಿಗೆ ನೀರು ಹಚ್ಚುತ್ತ, “ಪೈರು ಮೊಣಕಾಲಿಗೂ ಬಂದಿಲ್ಲ, ಕೊಯ್ಲಿ ಮಾಡಸ್ತೀರಲ್ಲರೀ” ಎಂದು ಮಾಲಕರನ್ನು ಬೈದ. ಆ ಮುಕ್ಕಾಮು ಮುಗಿಯುವ ತನಕ ಅಣ್ಣನೇ ರಾಣಿಯಾದ. ನಾನು ಉಳ್ಳಾಗಡ್ಡಿ ಹೆಚ್ಚಿದೆ.

ಮುಂದಿನ ಮುಕ್ಕಾಮು ಮಸ್ಕಿ. ನಾನು ನಿಶ್ಚಿಂತೆಯಾದೆ. ಹುಟ್ಟಿದ ಊರು, ನನ್ನನ್ನು ಎತ್ತಿ ಆಡಿಸಿದವರು, ನನ್ನ ಮೂಗು ಒರೆಸಿದವರು ಓಣಿ ತುಂಬ ಇದ್ದಾರೆ. ನಾನು ಹೆಣ್ಣು ಎನ್ನುವುದಕ್ಕೆ ಇಡೀ ಊರೇ ಸಾಕ್ಷಿ. ಆದರೆ ನಮ್ಮ ಮನೆತನದ ಮಾನವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮನೆಯ ಹುಡುಗಿ ಬಣ್ಣ ಹಚ್ಚಿದಳು ಎಂದರೆ ಮುಂದೆ ಯಾರ ಮನೆಗೆ ಹೆಣ್ಣು ಕೇಳಲು ಹೋಗುವುದು? ನಮ್ಮ ದೊಡ್ಡಪ್ಪ ಚಾವಡಿಯ ಕಟ್ಟೆಯ ಮೇಲೆ ನಿಂತು ಊರಿಗೇ ಹೇಳಿದ: “ಅದು ನಮ್ಮ ಹುಡುಗಿ ಅಲ್ಲ. ನಮ್ಮ ಹುಡುಗಿ ಅಡಗಿ ಮನ್ಯಾಗ ಅದಾಳ. ಅದು ಬ್ಯಾರೆ ಹುಡುಗ. ಮುಖ ಅಷ್ಟ ಹೋಲ್ತೈತಿ.”

ನಾನು ರಂಗದ ಮೇಲೆ ಬಂದಾಗ ದೊಡ್ಡವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ನನ್ನ ಕಣ್ಣಿಗೆ ಕಣ್ಣಿಟ್ಟು ಗಟ್ಟಿಯಾಗಿ, “ಎಂಥಾ ಚೆಂದ ಗಂಡುಹುಡುಗ ನೋಡ್ರವ್ವ!” ಅಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು, ಅದು ನನಗೆ ಕಂಡಿತು. ಕುಬಸ ಬರಲಿಲ್ಲ. ನಾಟಕ ಮುಗಿದ ಮೇಲೆ ಚಿಗವ್ವ ತಗಡಿನ ಹಿಂದೆ ನಿಂತು ದೊಡ್ಡವ್ವನ ಜೊತೆ ಆಡಿದ ಜಗಳವೇ ಆ ದಿನದ ಒಳ್ಳೆಯ ನಾಟಕವಾಗಿತ್ತು. ಬೆಳಿಗ್ಗೆ ನಾವಿಗ ಮತ್ತೆ ಕತ್ತಿ ಮಸೆದ. ಜವಳಗೇರಿಯಿಂದ ಬಂದವರು, ಮುದುಕ ಈಗ ಎತ್ತು ಯಾವುದು, ಆಕಳು ಯಾವುದು ಎಂದು ಸವರಿ ನೋಡುತ್ತಾನೆ ಎಂದು ಹೇಳಿ ಹೋಗಿದ್ದರು.

ಉಳಿದದ್ದು ಲಿಂಗಸೂಗೂರು. ಅದರ ಮುಂದೆ ಮಳೆಗಾಲ, ಕಂಪನಿಗೆ ರಜೆ. ಮಳೆ ಮುಗಿಯುವ ಹೊತ್ತಿಗೆ ಮುದುಕನ ಕಣ್ಣು ಪೂರ್ತಿ ಹೋಗಿರುತ್ತಿತ್ತು. ಲಿಂಗಸೂಗೂರು ಒಂದು ಕಾಲಕ್ಕೆ ಜಿಲ್ಲೆಯ ಊರಾಗಿತ್ತು, ದಂಡೂ ಇತ್ತು. ಎರಡೂ ಹೋಗಿ ವರ್ಷಗಳಾಗಿದ್ದವು, ಗತ್ತು ಮಾತ್ರ ಹೋಗಿರಲಿಲ್ಲ. ಅಲ್ಲಿಯ ಜನ ನಾಟಕ ನೋಡಲು ಬರುತ್ತಿರಲಿಲ್ಲ, ತನಿಖೆಗೆ ಬರುತ್ತಿದ್ದರು. ನಾಟಕಕ್ಕೆ ಮೊದಲೇ ಊರ ಹಿರಿಯ ಹೆಂಗಸರು ನಮ್ಮ ಬಿಡಾರಕ್ಕೆ ಬಂದರು. ಖರೇ ಹೆಣ್ಣು ಎಂದು ಸಾರಿದ್ದಾರೆ, ಪರೀಕ್ಷೆ ಮಾಡಬೇಕು ಎಂದರು. ಚಿಗವ್ವ ನನ್ನನ್ನು ಕೊಡಮಿಗೆಯ ಮುಂದೆ ಕೂರಿಸಿ, “ರೊಟ್ಟಿ ಬಡದು ತೋರ್ಸು” ಅಂದಳು. ಬಡಿದೆ. ಗುಂಡಗೆ, ತೆಳ್ಳಗೆ ಬಂತು. ಹೆಂಗಸರು ತಲೆದೂಗಿದರು. ಅಷ್ಟರಲ್ಲಿ ಅಣ್ಣ ಬಂದು, ನನಗೆ ನೆರವಾಗಲೆಂದು ಪಕ್ಕದಲ್ಲಿ ಕೂತು ತಾನೂ ಒಂದು ಬಡಿದ. ಅವನದು ನನ್ನದಕ್ಕಿಂತ ದೊಡ್ಡದು, ತೆಳ್ಳಗೆ, ಎತ್ತಿ ಹಿಡಿದರೆ ಆಚೆ ಬೆಳಕು ಕಾಣುವಂಥದ್ದು. ಹೆಂಗಸರು ಮುಖ ಮುಖ ನೋಡಿಕೊಂಡು, “ಕಂಪನಿ ಗಂಡಸರಿಗೆಲ್ಲಾ ರೊಟ್ಟಿ ಬರ್ತಾವ, ಇದರಾಗ ಏನೂ ತಿಳಿಯಂಗಿಲ್ಲ” ಎಂದು ಎದ್ದು ಹೋದರು. ಚಿಗವ್ವ ಅಣ್ಣನಿಗೆ ಸೌದೆ ಎತ್ತಿದಳು.

ಆ ಸಂಜೆ ಥೇಟರು ತುಂಬಿತು. ಹಳೇ ದಂಡಿನ ಛಾವಣಿಯ ಕಡೆಯಿಂದ, ಸುತ್ತಲ ಹಳ್ಳಿಗಳಿಂದ ಗಾಡಿಗಳು ಬಂದಿದ್ದವು. ನಾನು ಹೆಬ್ಬೆರಳು ಊರಿ, ಹಿಮ್ಮಡಿ ಊರಿ ನಡೆದೆ. ಕಣ್ಣು, ಕೊರಳು, ಮೈ ಎಂದು ತಿರುಗಿದೆ. ಈ ಸಲ ನಡಿಗೆಯ ಬಗ್ಗೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಬೇರೆಯೇ ಆಯಿತು. “ಹಳೇ ರಾಣೀನ್ನ ನೋಡೇ ಕಲಿತಾನ, ಬರೋಬ್ಬರಿ ಅವನಂಗೇ ನಡೀತಾನ” ಎಂದು ಹೆಂಗಸರು ಮೆಚ್ಚಿಕೊಂಡರು. ಕೆಟ್ಟದಾಗಿ ನಡೆದರೂ ಗಂಡು, ಚೆನ್ನಾಗಿ ನಡೆದರೂ ಗಂಡು.

ಕುಬಸದ ಕುರ್ಚಿಯಲ್ಲಿ ಕೂತೆ. ಮಾಸ್ತರು ರಾಗ ಸುತ್ತಿಸಿದರು. ಯಾರೂ ಏಳಲಿಲ್ಲ. ಮತ್ತೆ ಸುತ್ತಿಸಿದರು. “ಹಳೇ ರಾಣೀನ್ನ ಕರೀರಿ!” ಎಂದು ಕೂಗು ಎದ್ದಿತು. ಪಕ್ಕದ ಪಡದೆಯ ಮರೆಯಲ್ಲಿ ಮಾಲಕರು ಅಣ್ಣನಿಗೆ ಗದ್ದ ತೋರಿಸಿ ಸನ್ನೆ ಮಾಡುವುದು ನನಗೆ ಕಾಣುತ್ತಿತ್ತು. ನಾವಿಗ ನೀರಿನ ಬಟ್ಟಲು ಹಿಡಿದು ನಿಂತಿದ್ದ. ಅಣ್ಣ ಆ ಬಟ್ಟಲನ್ನು ಒಂದು ಗಳಿಗೆ ನೋಡಿದ. ಆಮೇಲೆ ಸಾಮಾನಿನ ಪೆಟ್ಟಿಗೆ ತೆರೆದು ಒಂದು ತಾಟು ತೆಗೆದ, ಅದರಲ್ಲಿ ನಾಟಕದ ಕಟ್ಟಿಗೆಯ ತೆಂಗಿನಕಾಯಿ ಇಟ್ಟ, ತನ್ನ ಚೀಲದಿಂದ ಸಿಂಧನೂರಿನ ಹೆಂಗಸರು ಕೊಟ್ಟ ಖಣ ತೆಗೆದು ಮೇಲಿಟ್ಟ, ತಲೆಗೆ ರುಮಾಲು ಸುತ್ತಿಕೊಂಡು ರಂಗಕ್ಕೆ ಬಂದ.

ಧೋತರ, ರುಮಾಲು, ಕುರುಚಲು ಮೀಸೆ. ನಡಿಗೆ ಮಾತ್ರ ರಾಣಿಯದೇ. ಹೆಬ್ಬೆರಳು ಮೊದಲು, ಹಿಮ್ಮಡಿ ಆಮೇಲೆ. ಜನ ಬಿದ್ದು ಬಿದ್ದು ನಕ್ಕರು. ಅಣ್ಣ ನಗು ನಿಲ್ಲುವ ತನಕ ನಿಂತು, ಕೈ ಮುಗಿದು ಹೇಳಿದ:

“ಅವ್ವಗಳಿರಾ, ಹ್ವಾದ ವರ್ಷ ಇದೇ ಖುರ್ಚಿ ಮ್ಯಾಲ ಕುಂತು ನಿಮ್ಮ ಕೈಲೆ ಕುಬಸ ತಗೊಂಡಾಂವ ನಾನು. ನಾ ಗಂಡಸು ಅಂತ ನಿಮಗ ಗೊತ್ತಿದ್ರೂ ಕೊಟ್ರಿ. ಈಕಿ ಹೆಣ್ಣದಾಳ ಅಂದ್ರ ನಂಬವಲ್ರಿ. ನಂಬಬ್ಯಾಡ್ರಿ, ನಿಮ್ಮ ಖುಷಿ. ಆದ್ರ ಬಸುರಿ ಕುಂತಾಳ. ಹಡದಾಕಿ ಇಲ್ಲ. ತವರಮನಿಯಿಂದ ಯಾರೂ ಬಂದಿಲ್ಲ. ಅದಕ್ಕ ನಾ ಬಂದೀನಿ. ನಾ ಈಕಿ ಅಣ್ಣ.”

ಇದು ನಾಟಕದಲ್ಲಿರಲಿಲ್ಲ. ಅವನು ತಾಟು ಹಿಡಿದು ನನ್ನ ಮುಂದೆ ಬಂದು ಮೊಣಕಾಲೂರಿದ. ನಾನು ರಾಣಿ ಎಂಬುದು ನನಗೆ ಮರೆತುಹೋಯಿತು. ಹೊಟ್ಟೆಯ ಮೇಲಿದ್ದದ್ದು ಹಳೇ ಪಡದೆ ಎಂಬುದೂ ಮರೆಯಿತು. ಮಸ್ಕಿಯಲ್ಲಿ ನನ್ನನ್ನು ಹೆತ್ತ ಮನೆಯವರೇ ಅದು ನಮ್ಮ ಹುಡುಗಿ ಅಲ್ಲ ಎಂದಿದ್ದರು. ಇಲ್ಲಿ ಯಾರ ಮನೆಯ ಮಗನೋ ಬಂದು ನಾನು ತವರು ಎನ್ನುತ್ತಿದ್ದ. ನನಗೆ ಅಳು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಮೂಗು ಸುರಿಸಿಕೊಂಡು, ಬಣ್ಣವೆಲ್ಲ ಕಲಸಿಹೋಗುವ ಹಾಗೆ ಅತ್ತೆ.

ಆಗ ಹೆಂಗಸರ ಕಡೆಯಿಂದ ರೊಟ್ಟಿ ಪರೀಕ್ಷೆಗೆ ಬಂದಿದ್ದ ಒಬ್ಬ ಮುದುಕಿ ಎದ್ದು ನಿಂತು ಕೂಗಿದಳು: “ಅಯ್ಯ, ಖರೇನೇ ಹೆಣ್ಣು ಬೇ ಇದು! ತವರಿನವರು ಬಂದಾಗ ಹಿಂಗ ಅಳಾಕ ಯಾವ ಗಂಡಸಿಗೆ ಬರ್ತದ? ಏಳ್ರೇ! ತವರಿನ ತಾಟು ಒಂದೇ ಬಂದೈತಿ, ನೋಡ್ಕೋತ ಕುಂತೀರಲ್ಲ!”

ಎದ್ದರು. ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಹತ್ತಿದರು. ಕಾಯಿ, ಖಣ, ಬಳೆ. ಏನೂ ತರದಿದ್ದವರು ತಲೆಯ ಹೂ ತೆಗೆದು ನನಗೆ ಮುಡಿಸಿದರು. ನನ್ನ ಕೆನ್ನೆ ಹಿಂಡಿ ನೋಡದೆ ಯಾರೂ ಇಳಿಯಲಿಲ್ಲ. ಅಲ್ಲೇ ನಿಂತಿದ್ದ ಅಣ್ಣನನ್ನು ಒಬ್ಬಾಕೆ ಅಡ್ಡಗಟ್ಟಿ, “ಹ್ವಾದ ವರ್ಷ ನಾ ಕೊಟ್ಟ ಬಳಿ ಏನ್ ಮಾಡ್ದಿ?” ಎಂದು ಕೇಳಿದಳು. “ನನ್ನ ಹೆಂಡ್ತಿ ಕೈಯಾಗ ಅದಾವ್ರೆವ್ವಾ” ಎಂದು ಅಣ್ಣ ಹಲ್ಲು ಗಿಂಜಿದ. ಪೇಟಿ ಮಾಸ್ತರು ಬೆರಳು ಸೋತು ತಬಲದವನ ಕಡೆ ದೀನವಾಗಿ ನೋಡಿದರು. ಪಡದೆಯ ಮರೆಯಲ್ಲಿ ನಾವಿಗ ಬಟ್ಟಲಿನ ನೀರನ್ನು ನೆಲಕ್ಕೆ ಚೆಲ್ಲಿದ.

ಒಳಗೆ ಬಂದ ಮೇಲೆ ಅಣ್ಣ ನನ್ನನ್ನು ನೋಡಿ, “ಆ ಸೆರಗು ಬಾಯಿಗೆ ಹಿಡ್ದೆಲ್ಲ, ಅದನ್ನ ನಾ ಕಲಿಸಿದ್ದಿಲ್ಲ” ಅಂದ. ಸ್ವಲ್ಪ ಹೊಟ್ಟೆಕಿಚ್ಚು ಇದ್ದ ಹಾಗೆಯೂ ಕೇಳಿಸಿತು.

ಮಳೆಗಾಲದ ರಜೆಯಲ್ಲಿ ಅಣ್ಣನ ಮೀಸೆ ಪೂರ್ತಿ ಬಂತು. ಅವನು ಜವಳಗೇರಿಗೆ ಹೊರಟಾಗ ನಾನೂ ಚಿಗವ್ವನೂ ಹೋದೆವು. ಲಿಂಗಸೂಗೂರಿನ ಖಣಗಳನ್ನು ಅತ್ತಿಗೆಗೆ ಕೊಡುವುದಿತ್ತು. ಮುದುಕ ಕಟ್ಟೆಯ ಮೇಲೆ ಕೂತಿದ್ದ. ಕಣ್ಣು ಬೆಳ್ಳಗಾಗಿದ್ದವು. ಹೆಜ್ಜೆಯ ಸಪ್ಪಳ ಕೇಳಿ, “ಬಸವಣ್ಣಾ, ಯಾರೋ ಬಂದಾರ ನೋಡಪಾ” ಅಂದ.

ನಾವು ತಡವಾಗಿ ಬಂದಿದ್ದೆವು. ಅಣ್ಣ ಹೋಗಿ ಕೆಳಗೆ ಕೂತು, ಅಪ್ಪನ ಕೈ ಹಿಡಿದು ತನ್ನ ತುಟಿಯ ಮೇಲಿಟ್ಟ. ಮುದುಕ ಬೆರಳಿನಿಂದ ಬಲಕ್ಕೆ ಸವರಿದ, ಎಡಕ್ಕೆ ಸವರಿದ, ಮತ್ತೆ ಬಲಕ್ಕೆ ಬಂದು ತುದಿ ಹಿಡಿದು ಎಳೆದು ನೋಡಿದ. ಕಂಪನಿಯವರು ಅಂಟಿಸಿದ್ದೋ ಏನೋ ಎಂಬ ಸಂಶಯ.

“ಎಡಕ್ಕ ತೆಳ್ಳಗ ಬಂದೈತಿ” ಅಂದ.

“ಬಿತ್ತಿಗಿ ತಡ ಆತಪ್ಪಾ” ಅಂದ ಅಣ್ಣ.

ಮುದುಕನ ಬೊಚ್ಚುಬಾಯಿ ಅಗಲವಾಯಿತು. “ಅಂದ್ರ ನಾ ಇನ್ನಾ ಬದುಕೀನಿ” ಎಂದು, ಒಳಗೆ ತಿರುಗಿ ಸೊಸೆಗೆ ಕೂಗಿದ: “ಏಯವ್ವಾ, ನನ್ನ ಮಗ ಬಂದಾನ! ರೊಟ್ಟಿ ಹಾಕು!” ಎತ್ತಿಗೆ ಅಂದಿನಿಂದ ಆ ಮನೆಯಲ್ಲಿ ಮಾತಿನ ಕೆಲಸ ತಪ್ಪಿತು. ಆಮೇಲೆ ನನ್ನ ಬಳೆಯ ಸದ್ದು ಕೇಳಿ, “ಇದ್ಯಾರು?” ಎಂದ. ತಂಗಿ ಎಂದು ಅಣ್ಣ ಹೇಳಿದ. “ಖರೇ ಹೆಣ್ಣೋ, ಕಂಪನಿ ಹೆಣ್ಣೋ?” ಎಂದು ಮುದುಕ ಕೇಳಿದ್ದಕ್ಕೆ ಚಿಗವ್ವ ಅರ್ಧ ದಿನ ನಕ್ಕಳು.

ನಾನು ರಾಣಿಯಾಗಿ ಊರೂರು ತಿರುಗಿದೆ. ಅಣ್ಣ ರಾಜನ ಮಂತ್ರಿಯಾದ. ತಿರುವುವುದಕ್ಕೆ ಮೀಸೆ ಇದ್ದ ಪಾರ್ಟೇ ಬೇಕೆಂದು ಹಟ ಹಿಡಿದಿದ್ದ. ಮಾತು ಮಾತಿಗೂ ತಿರುವುತ್ತಿದ್ದ. ತಿರುವುವ ಭರದಲ್ಲಿ ಮಾತೇ ಮರೆಯುತ್ತಿದ್ದ.

ಮುಂದಿನ ಚಳಿಗಾಲ ನಾವು ಬಳಗಾನೂರಿನಲ್ಲಿದ್ದಾಗ ಜವಳಗೇರಿಯಿಂದ ಆಳು ಬಂದ. ಮುದುಕ ಕೂತಲ್ಲೇ ಕೂತ ಹಾಗೆ ಹೋಗಿದ್ದ. ಅಣ್ಣ ಹೋಗಿ, ಕರ್ಮಾಂತರವೆಲ್ಲ ಮುಗಿಸಿ ಒಂದು ಮಧ್ಯಾಹ್ನ ತಿರುಗಿ ಬಂದ. ತುಟಿ ಬೋಳಾಗಿತ್ತು.

ಮಾಲಕರು ಪಾಪ, ನಿಜವಾಗಿಯೇ ದುಃಖಪಟ್ಟರು. ಕಣ್ಣು ಒರೆಸಿಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: “ದೇವರ ಇಚ್ಛಾ. ಏನ್ ಮಾಡಾಕ ಬರ್ತದ? ಹ್ಯಾಂಗೂ ಬೋಳಿಸ್ಯಾನ... ಹಳೇ ಜನ ಕೇಳಾಕತ್ತಾರ, ನಾಳಿ ಒಂದಿನ ರಾಣಿ ಮಾಡ್ತಾನೇನು ನೀ ಕೇಳವ್ವ.” ನಾನು ಅವರಿಗೆ ಅಂದ ಮಾತನ್ನು ಇಲ್ಲಿ ಬರೆಯಲಾರೆ. ಚಿಗವ್ವ ಒಲೆಯ ಮುಂದಿನಿಂದ ಎದ್ದು ಬಂದು ಸೌದೆ ಹಿಡಿದು ನಿಂತದ್ದನ್ನು ಮಾತ್ರ ಬರೆಯುತ್ತೇನೆ.

ದುಃಖವಾದ ಮನೆಗೆ ಹೆಣ್ಣುಮಕ್ಕಳು ಹೊಸ ಬಟ್ಟೆಯ ಆಹೇರಿ ಕೊಡಬೇಕು. ನಾನು ಒಂದು ಹೊಸ ರುಮಾಲು ತಾಟಿನಲ್ಲಿಟ್ಟುಕೊಂಡು ಬಣ್ಣದ ಕೋಣೆಗೆ ಹೋದೆ. ಅಣ್ಣ ಕನ್ನಡಿಯ ಮುಂದೆ ಕೂತಿದ್ದ. ಬಣ್ಣ ಹಚ್ಚುತ್ತಿರಲಿಲ್ಲ. ಅಪ್ಪ ಸವರಿದ ಹಾಗೆಯೇ ಬೆರಳಿನಿಂದ ತುಟಿಯನ್ನು ಬಲಕ್ಕೆ ಸವರಿ, ಎಡಕ್ಕೆ ಸವರಿ ನೋಡುತ್ತಿದ್ದ. ನಾನು ರುಮಾಲು ಕೊಟ್ಟೆ. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡ.

“ತಂಗೀ, ದಿನಾ ಬೋಳಸ್ತಿದ್ದೆ. ಏನೂ ಅನಸ್ತಿರಲಿಲ್ಲ” ಅಂದ. “ಈ ಸಲ ತುಟಿ ತಣ್ಣಗ ಹತ್ತಾಕತ್ತೈತಿ.”

ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ. ತೊಡೆಯ ಮೇಲಿದ್ದ ಹೊಸ ರುಮಾಲನ್ನು ಎತ್ತಿ, ನಾನು ಹಿಡಿದ ಹಾಗೆಯೇ ಬಾಯಿಗೆ ಒತ್ತಿ ಹಿಡಿದು ಅತ್ತ.